ಫ್ಲ್ಯಾಟ್ ಜಾಹೀರಾತಿನಲ್ಲಿ "ಸಿಸಿ ಇದೆ, ಓಸಿ ಅಪ್ಲೈಡ್" ಅಂದರೆ ಏನು?

"2 ಬಿಎಚ್‌ಕೆ, 1200 ಎಸ್‌ಬಿಎ, ಎ ಖಾತಾ, ಸಿಸಿ ಇದೆ, ಓಸಿ ಅಪ್ಲೈಡ್, ಇಸಿ ಕ್ಲಿಯರ್." ಬೆಂಗಳೂರಿನ ಜಾಹೀರಾತೊಂದರ ಈ ಸಾಲು ಹಾಕಿ, ಇವುಗಳ ಪೂರ್ಣರೂಪದ ಪಟ್ಟಿ ಕೇಳಿದ್ದೀರಿ. ಮನೆ ನೋಡುತ್ತಿದ್ದಾಗ ನಾನೂ ಇಂಥದೇ ಪಟ್ಟಿ ಹುಡುಕಿದ್ದೆ. ಪಟ್ಟಿ ಬಾಯಿಪಾಠ ಮಾಡಿ ಏನೂ ಉಪಯೋಗವಿಲ್ಲ. ಪ್ರತಿ ಅಕ್ಷರದ ಹಿಂದಿರುವ ಕಾಗದದ ಪ್ರತಿ ತರಿಸಿಕೊಳ್ಳಿ. ದೊಡ್ಡ ಮೊತ್ತ ಕಳೆದುಕೊಳ್ಳುವುದು ಸಿಸಿಯಲ್ಲಿ, ಅದನ್ನೇ ಮೊದಲು ಹೇಳುತ್ತೇನೆ.

ಸಿಸಿ ಅಂದರೆ ಕಮೆನ್ಸ್‌ಮೆಂಟ್ ಸರ್ಟಿಫಿಕೇಟೂ ಹೌದು, ಕಂಪ್ಲೀಷನ್ ಸರ್ಟಿಫಿಕೇಟೂ ಹೌದು. "ಸಿಸಿ ಬಂದಿದೆ ಸಾರ್" ಎಂದು ಬ್ರೋಕರ್ ಹೇಳಿದಾಗ ಕೊಳ್ಳುವವರು ಕೆಲಸ ಮುಗಿದ ಪತ್ರ ಎಂದುಕೊಳ್ಳುತ್ತಾರೆ. ಫೈಲು ತೆರೆದರೆ ಕೆಲಸ ಶುರು ಮಾಡಲು ಕೊಟ್ಟ ಅನುಮತಿ ಇರುತ್ತದೆ. ಕಟ್ಟಡ ಇನ್ನೂ ಮೇಲೇಳುವ ಮುಂಚಿನ ಕಾಗದ ಅದು. ಆಮೇಲೆ ಒಂದು ಅಂತಸ್ತು ಹೆಚ್ಚಾಯಿತೇ, ಸುತ್ತ ಬಿಡಬೇಕಿದ್ದ ಸೆಟ್‌ಬ್ಯಾಕ್ ಕಿರಿದಾಯಿತೇ, ಪಾರ್ಕಿಂಗ್ ಜಾಗದಲ್ಲಿ ಮನೆ ಎದ್ದಿತೇ ಎಂಬುದನ್ನು ಅದು ಹೇಳಲಾರದು. ಕಂಪ್ಲೀಷನ್ ಎಂದೇ ತೋರಿಸಿದರೂ ಯಾರ ಸಹಿ ಇದೆ ನೋಡಿ; ಬಿಲ್ಡರ್ ಕಡೆಯ ಆರ್ಕಿಟೆಕ್ಟ್ ಬರೆದುಕೊಟ್ಟ ಪತ್ರವೂ ಆಗಿರಬಹುದು.

ನಿಮಗೆ ಬೇಕಿರುವುದು ಓಸಿ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್. ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ, ಜನ ವಾಸ ಮಾಡಬಹುದು ಎಂದು ಪ್ರಾಧಿಕಾರ ಪರಿಶೀಲಿಸಿ ಕೊಡುವ ಪತ್ರ ಅದು. "ಅಪ್ಲೈಡ್" ಅಂದರೆ ಇಲ್ಲ ಎಂದೇ ಓದಿಕೊಳ್ಳಿ. ನಕ್ಷೆ ಮೀರಿ ಕಟ್ಟಿದ್ದರೆ ಆ ಅರ್ಜಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನು ಕಂಪ್ಲೀಷನ್ ಅಥವಾ ಓಸಿ ತೋರಿಸಿದ ಮೇಲೆಯೇ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓಸಿ ಇಲ್ಲದ ಫ್ಲ್ಯಾಟಿನ ತಲೆನೋವು ನೋಂದಣಿ ಮುಗಿದ ಮೇಲೂ ಬಿಡುವುದಿಲ್ಲ.

ಓಸಿ ಪ್ರತಿ ಕೈಗೆ ಬಂದಾಗ ಕೊಟ್ಟವರು ಯಾರು, ತಾರೀಖು ಯಾವುದು, ಜಾಗದ ಖಾತಾ ಅಥವಾ ಸರ್ವೆ ನಂಬರ್ ಸರಿಯೇ, ಎಷ್ಟು ಅಂತಸ್ತಿಗೆ ಎಂದು ಓದಿ. ಆಮೇಲೆ ಕಟ್ಟಡದ ಎದುರು ನಿಂತು ಅಂತಸ್ತು ಎಣಿಸಿ. "ಪಾರ್ಶಿಯಲ್ ಓಸಿ", ಅಂದರೆ ಒಂದು ಭಾಗಕ್ಕಷ್ಟೇ ಕೊಟ್ಟ ಓಸಿ, ಎಂದಿದ್ದರೆ ನಿಮ್ಮ ಬ್ಲಾಕ್ ಅದರಲ್ಲಿ ಇದೆಯೇ ಎಂಬುದೇ ಮುಖ್ಯ. ಈ ಪತ್ರ ಕೊಡಲು ಮೀನಮೇಷ ಎಣಿಸುವವರಿಗೆ ಟೋಕನ್ ಅಡ್ವಾನ್ಸ್ ಕೊಡಬೇಡಿ.

ಎಸ್‌ಬಿಎ ಅಂದರೆ ಸೂಪರ್ ಬಿಲ್ಟ್-ಅಪ್ ಏರಿಯಾ. ಗೋಡೆ, ಬಾಲ್ಕನಿ, ಮೆಟ್ಟಿಲು, ಲಿಫ್ಟ್, ಲಾಬಿಯಲ್ಲಿ ನಿಮ್ಮ ಪಾಲು ಎಲ್ಲ ಸೇರಿದ ಲೆಕ್ಕ. 1200 ಎಸ್‌ಬಿಎಗೆ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸುವ ಜಾಗ, ಸಾಮಾನ್ಯವಾಗಿ 800ರಿಂದ 900 ಚದರಡಿ. ಚದರಡಿಗೆ 7,000 ರೂಪಾಯಿ ಎಂದರೆ ಒಟ್ಟು 84 ಲಕ್ಷ. ಕಾರ್ಪೆಟ್ 840 ಇದ್ದರೆ ನಿಜವಾದ ದರ 10,000. ಎರಡು ಫ್ಲ್ಯಾಟ್ ಹೋಲಿಸುವಾಗ ಈ ದರವನ್ನೇ ಹೋಲಿಸಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಕಾರ್ಪೆಟ್ ಲೆಕ್ಕದಲ್ಲಿ ಒಳಗಿನ ಅಡ್ಡಗೋಡೆ ಸೇರುತ್ತದೆ. ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ.

ಎ ಖಾತಾ, ಅಂದರೆ ನಿಯಮದಂತಿರುವ ಆಸ್ತಿಗೆ ಕೊಡುವ ಖಾತಾ, ಒಳ್ಳೆಯದೇ, ಆದರೆ ಖಾತಾ ತೆರಿಗೆಯ ದಾಖಲೆ, ಮಾಲೀಕತ್ವದ ಪತ್ರವಲ್ಲ. ಮೂಲ ಜಾಗಕ್ಕೆ ಎ ಖಾತಾ ಇದ್ದ ಮಾತ್ರಕ್ಕೆ ನಿಮ್ಮ ಫ್ಲ್ಯಾಟಿಗೆ ಪ್ರತ್ಯೇಕ ಖಾತಾ ಆಗಿದೆ ಎಂದಲ್ಲ. ಫ್ಲ್ಯಾಟಿನದೇ ಇ-ಖಾತಾ (ಡಿಜಿಟಲ್ ಖಾತಾ) ಕೇಳಿ.

ಇಸಿ, ಅಂದರೆ ಋಣಭಾರ ಪತ್ರ, ಕೇಳಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ 16. ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ. ಒಂದೆರಡು ವರ್ಷದ ಇಸಿ ತೋರಿಸಿ "ಕ್ಲಿಯರ್" ಎಂದರೆ ಒಪ್ಪಬೇಡಿ. ವಕೀಲರು 30 ವರ್ಷದ್ದು ನೋಡುತ್ತಾರೆ.

ನೀವು ಹಾಕಿದ ಸಾಲಿನಲ್ಲಿ ಯುಡಿಎಸ್ ಇಲ್ಲವೇ ಇಲ್ಲ. ಜಮೀನಿನಲ್ಲಿ ನಿಮಗೆ ಬರುವ ಅವಿಭಜಿತ ಪಾಲು ಅದು. ಸೇಲ್ ಡೀಡ್ ಕರಡಿನಲ್ಲಿ ಇದನ್ನು ಚದರಡಿಯಲ್ಲಿ ಬರೆಸಿ. ಬರೀ ಶೇಕಡಾವಾರು ಹಾಕಿದ್ದರೆ ಒಟ್ಟು ಜಮೀನಿನ ಅಳತೆ ಕೇಳಿ, ನೀವೇ ಗುಣಿಸಿ ನೋಡಿ.