ಬಿಸಿ ಆದ್ಮೇಲೆ ಲಿಫ್ಟ್ ಎತ್ತಲ್ಲ, ಪಂಪ್ ಬದಲಿಸ್ಬೇಕಾ?

ಪ್ರಶ್ನೆ: ಸರ್, ಗಂಗಾವತಿ ಕಡೆಯಿಂದ 45 ಎಚ್‌ಪಿ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದಿದೀನಿ. ಬೆಳಿಗ್ಗೆ ಕಲ್ಟಿವೇಟರ್ ಸಲೀಸಾಗಿ ಎತ್ತುತ್ತೆ, ಗಂಟೆ ಹೊತ್ತು ಹೊಡೆದ್ಮೇಲೆ ಲಿಫ್ಟ್ ನಿಧಾನ ಆಗಿ ಆಮೇಲೆ ಎತ್ತೋದೇ ಇಲ್ಲ. ಎಂಜಿನ್ ಆಫ್ ಮಾಡಿದ್ರೆ ಎತ್ತಿದ್ದು ಇಳಿದುಬಿಡುತ್ತೆ. ಮೆಕ್ಯಾನಿಕ್ ಹೊಸ ಪಂಪ್ ಹಾಕಿಸಿ ಅಂತಾನೆ. ಬೆಳಿಗ್ಗೆ ಬಿಳಿ ಹೊಗೆ ಬೇರೆ.
– ಓದುಗರು, ಹರಪನಹಳ್ಳಿ

ಉತ್ತರ: ಪಂಪಿಗೆ ಈಗ್ಲೇ ದುಡ್ಡು ಹಾಕ್ಬೇಡಿ. ಗಂಗಾವತಿ ಗಾಡಿ ಅಂದ್ರಲ್ಲ, ಅಲ್ಲಿ ಭತ್ತದ ಗದ್ದೇಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಹೊಡೆದಿರ್ತಾರೆ, ಸವೆದ ಆ್ಯಕ್ಸಲ್ ಸೀಲ್ ಕಡೆಯಿಂದ ನೀರು ಒಳಗೆ ಹೋಗಿರೋ ಚಾನ್ಸ್ ಜಾಸ್ತಿ, ನಮ್ಮ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸಿಗೂ ಲಿಫ್ಟಿಗೂ ಒಂದೇ ಎಣ್ಣೆ, ಹಾಗಾಗಿ ಆ ನೀರು ಲಿಫ್ಟಿಗೂ ಬರುತ್ತೆ. ಸಮ ಜಾಗದಲ್ಲಿ ನಿಲ್ಲಿಸಿ, ಕಲ್ಟಿವೇಟರ್ ನೆಲಕ್ಕೆ ಇಳಿಸಿ, ಆ ಎಣ್ಣೆಯ ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡೋ ಕಡ್ಡಿ, ಎಂಜಿನ್‌ದಲ್ಲ) ತೆಗೆದು ನೋಡಿ. ಎಣ್ಣೆ ಹಾಲು ಹಾಕಿದ ಟೀ ಥರ ಇದ್ರೆ ನೀರು ಸೇರಿದೆ ಅಂತ್ಲೇ ಲೆಕ್ಕ. ನೊರೆ ಮಾತ್ರ ಇದ್ರೆ ಪಂಪ್ ಗಾಳಿ ಎಳೀತಿರಬಹುದು, ಸಕ್ಷನ್ ಪೈಪಿನ (ಪಂಪ್ ಎಣ್ಣೆ ಎಳ್ಕೊಳ್ಳೋ ಪೈಪು) ಕ್ಲ್ಯಾಂಪು, ಓ ರಿಂಗು ನೋಡಿಸಿ. ಇನ್ನೊಂದು, ರಾತ್ರಿ ಪೂರ್ತಿ ನಿಂತ ಗಾಡೀನ ಸ್ಟಾರ್ಟ್ ಮಾಡೋಕೆ ಮುಂಚೆ ಅದೇ ಎಣ್ಣೆ ಇಳಿಸೋ ತಳದ ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲ ಮಾಡಿ ಬಾಟಲಿ ಹಿಡೀರಿ, ತಳದಲ್ಲಿ ನೀರು ನಿಂತಿದ್ರೆ ಮೊದಲು ಅದೇ ಬರುತ್ತೆ.

ನೀರಿದ್ರೆ ಎಣ್ಣೆ ಪೂರ್ತಿ ಇಳಿಸಿ, ಸ್ಟ್ರೈನರ್ (ಎಣ್ಣೆ ಸೋಸೋ ಜಾಲರಿ) ಬಿಚ್ಚಿ ಡೀಸೆಲ್‌ನಲ್ಲಿ ತೊಳೆಸಿ, ಫಿಲ್ಟರ್ ಇದ್ರೆ ಹೊಸದು ಹಾಕಿ. ಇದನ್ನ ಮಾಡದೆ ಹೊಸ ಪಂಪ್ ಕೂರಿಸಿದ್ರೆ ಅದೂ ಅದೇ ಕೊಳಕಲ್ಲಿ ಸವೆದು ಹೋಗುತ್ತೆ, ದುಡ್ಡು ನಿಮ್ದು. ಎಣ್ಣೆ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ ಹಾಕ್ಸಿ, ಆಯಿಲ್ ಬ್ರೇಕ್ (ಎಣ್ಣೇಲಿ ಮುಳುಗಿರೋ ಬ್ರೇಕ್) ಗಾಡಿ ಆದ್ರಂತೂ ಸಿಕ್ಕಿದ್ದು ಸುರೀಬೇಡಿ. ಇಷ್ಟಾದ್ಮೇಲೂ ಬಿಸಿ ಆದಾಗ ಎತ್ತದಿದ್ರೆ ಪ್ರೆಶರ್ ಗೇಜ್ ಹಾಕಿ ಚೆಕ್ ಮಾಡೋರ ಹತ್ರ ಹೋಗಿ, ಆಗ ತಪ್ಪು ಪಂಪಿಂದೋ ರಿಲೀಫ್ ವಾಲ್ವಿಂದೋ (ಒತ್ತಡ ಜಾಸ್ತಿ ಆದ್ರೆ ಎಣ್ಣೆ ವಾಪಸ್ ಬಿಡೋ ವಾಲ್ವ್) ಗೊತ್ತಾಗುತ್ತೆ.

ಎಂಜಿನ್ ಆಫ್ ಮಾಡಿದಾಗ ಇಳಿಯೋದು ಬೇರೆ ಕಥೆ. ಆಗ ಪಂಪ್ ತಿರುಗೋದೇ ಇಲ್ವಲ್ಲ, ಅದರ ಮೇಲೆ ಯಾಕೆ ತಪ್ಪು ಹೊರಿಸ್ತೀರಿ, ಸಾಮಾನ್ಯವಾಗಿ ಸಿಲಿಂಡರ್ ಸೀಲೋ ಕಂಟ್ರೋಲ್ ವಾಲ್ವೋ ಲೀಕ್ ಇರುತ್ತೆ. ಅದನ್ನ ರಿಪೇರಿ ಮಾಡಿಸೋವರೆಗಂತೂ ಎತ್ತಿದ ಕಲ್ಟಿವೇಟರ್ ಕೆಳಗೆ ಯಾರನ್ನೂ ಬಿಡ್ಬೇಡಿ.

ಬಿಳಿ ಹೊಗೆ ಎಂಜಿನ್ ಬಿಸಿ ಆದ್ಮೇಲೆ ನಿಂತ್ರೆ ಸದ್ಯಕ್ಕೆ ಬಿಡಿ. ನಿಲ್ಲದೆ ರೇಡಿಯೇಟರ್ ನೀರೂ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ನೋಡಿಸಿ, ಬಿಸಿ ಇದ್ದಾಗ ಮಾತ್ರ ಕ್ಯಾಪ್ ಬಿಚ್ಬೇಡಿ. ಕೊನೇದಾಗಿ, ಲಿಫ್ಟಿಗೆ ಹೊಸ ಎಣ್ಣೆ ಹಾಕಿ ಸ್ವಲ್ಪ ದಿನ ಓಡಿಸಿದ ಮೇಲೆ ಮತ್ತೊಮ್ಮೆ ಡಿಪ್‌ಸ್ಟಿಕ್ ನೋಡಿ, ಎಣ್ಣೆ ಮತ್ತೆ ಬೆಳ್ಳಗಾಗಿದ್ರೆ ಆ್ಯಕ್ಸಲ್ ಸೀಲ್ ಬದಲಿಸದೆ ಕೆಸರಿಗೆ ಇಳಿಸ್ಬೇಡಿ.