ಟ್ರಾಲಿ ಇದ್ದರೂ ಹೆಗಲ ಮೇಲೆ

ನಾನು ಆಪ್ತಸಮಾಲೋಚಕಿ. ಕೊಲ್ಲಿ ದೇಶಗಳಿಂದ ನನ್ನೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡುವ ಕನ್ನಡಿಗರಲ್ಲಿ ಹೇಳಿಕೊಳ್ಳದ ಒಂದು ನೋವನ್ನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಹಾಗಾಗಿ ಅಂಥ ಒಬ್ಬರ ಕತೆಯನ್ನು, ಅವರ ಒಪ್ಪಿಗೆ ಪಡೆದು, ಗುರುತು ಮರೆಮಾಡಿ ಬರೆಯುತ್ತಿದ್ದೇನೆ.

ಅವರು ನಲವತ್ತು ದಾಟಿದವರು, ದುಬೈನಲ್ಲಿ ಲೆಕ್ಕಪತ್ರದ ಕೆಲಸ. ಮೊದಲು ಕರೆ ಮಾಡಿದ್ದು ಹೆಂಡತಿ. ಅಬುಧಾಬಿಯ ಅಬು ಮುರೈಖಾದಲ್ಲಿ ಸ್ವಾಮಿನಾರಾಯಣ ಪಂಥದ ಸಂಸ್ಥೆ ಬಿಎಪಿಎಸ್‌ನ ಹಿಂದೂ ಮಂದಿರ ಏಳುತ್ತಿದ್ದಾಗ ಗಂಡನದು ವಾರದ ರಜೆಯೆಲ್ಲ ಅಲ್ಲೇ ಸೇವೆ. "ಆಗ ಮನೇಲಿರಲ್ಲ ಅಂತ ಜಗಳ ಆಡ್ತಿದ್ದೆ. ಈಗ ಮನೇಲೇ ಇರ್ತಾರೆ, ಮಾತೇ ಇಲ್ಲ." 2024ರ ಫೆಬ್ರುವರಿ 14ರಂದು ಮಂದಿರ ಉದ್ಘಾಟನೆಯಾಯಿತು. ಅವರು ಕುಸಿದದ್ದು ಆಮೇಲೆ.

ಮೂರನೇ ಭೇಟಿಯಲ್ಲೂ ಮಂದಿರದ್ದೇ ಮಾತು. ರಾಜಸ್ಥಾನದ ಗುಲಾಬಿ ಕಲ್ಲು ಅಲ್ಲೇ ಕೆತ್ತಿಸಿಕೊಂಡು ಬಂದದ್ದು, ಕಬ್ಬಿಣ, ಉಕ್ಕಿನ ಆಸರೆಯಿಲ್ಲದೆ ಒಂದರ ಮೇಲೊಂದು ಕೂತದ್ದು, ಏಳು ಎಮಿರೇಟುಗಳಿಗೆ ಏಳು ಶಿಖರ. ಕಲ್ಲನ್ನೆಲ್ಲ ಕ್ರೇನ್ ಎತ್ತುತ್ತಿತ್ತು. ಇವರ ಪಾಲಿಗೆ ಬಂದದ್ದು ನೀರಿನ ಕ್ಯಾನ್. ಆ ಬಿಸಿಲಲ್ಲಿ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರಂತೆ.

"ಟ್ರಾಲಿ ಇರಲಿಲ್ವಾ?" ಸಹಜವಾಗಿ ಕೇಳಿದೆ.

"ಇತ್ತು."

ಬಹಳ ಹೊತ್ತು ತೆರೆಯಿಂದ ಮುಖ ತಿರುಗಿಸಿದ್ದರು.

"ಅಪ್ಪನಿಗೆ ಹೆಗಲು ಕೊಡ್ಲಿಲ್ಲ ಮೇಡಂ."

ತಂದೆ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ತಿಪಟೂರಿನ ಕಡೆಯ ಹಳ್ಳಿಯಲ್ಲಿ. ಕೋವಿಡ್‌ನಿಂದಾಗಿ ಮಾರ್ಚ್ ಕೊನೆಗೇ ವಿಮಾನಗಳು ನಿಂತಿದ್ದವು. ಹೊರಗಿದ್ದವರನ್ನು ಕರೆತರುವ ವಂದೇ ಭಾರತ್ ಹಾರಾಟ ಶುರುವಾಗಿದ್ದು ಮೇ 7ಕ್ಕೆ. ಅಂತ್ಯಕ್ರಿಯೆಗೆ ಇಪ್ಪತ್ತು ಜನರ ಮಿತಿ. ಕೊಳ್ಳಿ ಇಡಬೇಕಾದ ಹಿರಿಮಗ ಫೋನಿನಲ್ಲಿ ನೋಡುತ್ತಿದ್ದರು. ತಮ್ಮ ಕೊಳ್ಳಿ ಹಿಡಿದು ಬಗ್ಗಿದ, ಕರೆ ಕಡಿದುಹೋಯಿತು.

ನನ್ನ ಬಳಿ ಮಾತಾಡುತ್ತಿದ್ದ ಹೊತ್ತಿಗಾಗಲೇ ಇನ್ನೊಂದು ದೇಶದ ಮಂದಿರ ನಿರ್ಮಾಣಕ್ಕೆ, ಸಂಬಳವಿಲ್ಲದ ರಜೆ ಹಾಕಿ ಹೊರಡಲು ಅವರು ತಯಾರಾಗಿದ್ದರು. ಒಂದು ವರ್ಷ ಬೇಡ ಎಂದೆ. ದೇವರ ಕೆಲಸ ಬಿಡಿಸಿದಳು ಎಂದು ಅವರ ಸೇವಾ ಗೆಳೆಯರು ನೊಂದುಕೊಂಡರು. ನಾನೂ ದಿನಾ ದೀಪ ಹಚ್ಚುವವಳು. ಸೇವೆ ಮನುಷ್ಯನನ್ನು ಎತ್ತಿ ನಿಲ್ಲಿಸುವುದನ್ನು ಕಂಡವಳು. ಆದರೆ ಈ ಮನುಷ್ಯ ಸಾಲ ತೀರಿಸುತ್ತಿದ್ದರು, ಎಷ್ಟು ಸಾಲ ಅಂತ ಯಾರಿಗೂ ಹೇಳದೆ. ಮೈ ದಣಿದರೆ ರಾತ್ರಿ ನಿದ್ದೆ ಬರುತ್ತದೆ. ಕೆಲಸ ಮುಗಿದ ದಿನ ನಿದ್ದೆಯೂ ಹೋಯಿತು. ಇನ್ನೊಂದು ಗೋಪುರ ಏಳುವ ತನಕ ಆ ನೋವನ್ನು ಮುಂದೂಡಲು ನನಗೆ ಮನಸ್ಸಾಗಲಿಲ್ಲ.

ಬದುಕೇ ಬೇಡ ಎನ್ನುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದೆ. ಇದ್ದಿದ್ದರೆ ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಇರಲಿಲ್ಲ. ಹೆಂಡತಿಗೆ "ಮಂದಿರಾನೋ ನಾವೋ" ಎಂಬ ಪ್ರಶ್ನೆ ಬಿಡಿ, ಮಾವನವರ ಬಗ್ಗೆ ಕೇಳಿ ಎಂದೆ. ಇಂಥವರು ನಿಮ್ಮ ಮನೆಯಲ್ಲಿದ್ದರೆ ನಿಮಗೂ ಅದನ್ನೇ ಹೇಳುತ್ತೇನೆ. ಅವರಿಗೆ ಹೇಳಿದ್ದು: ಊರಿಗೆ ಹೋಗಿ. ಹೆಗಲು ಕೊಟ್ಟವರ ಮುಂದೆ ಒಬ್ಬೊಬ್ಬರಾಗಿ ಕೂತು ಆ ದಿನ ಏನಾಯ್ತು ಅಂತ ಕೇಳಿ. ಕ್ಷಮೆ ಕೇಳಬೇಡಿ, ಕೇಳಿಸಿಕೊಳ್ಳಿ.

ಮುಂದಿನ ತಿಥಿಗೆ ಹೋದರು. ಹೆಗಲು ಬದಲಿಸಲು ಜನ ಸಾಲದೆ ಚಟ್ಟವನ್ನು ಕೆರೆ ಏರಿಯ ಮೇಲೆ, ಹೊಂಗೆ ಮರದ ಕೆಳಗೆ ಎರಡು ಸಲ ಇಳಿಸಿದೆವು ಎಂದು ಪಕ್ಕದ ತೋಟದವರು ಹೇಳಿದರಂತೆ. ಮರುದಿನ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ಆ ದಾರಿಯಲ್ಲಿ ನಡೆದರು. ಅಂದಿನಿಂದ ತಮ್ಮನೂ ಆ ಏರಿ ತುಳಿದಿರಲಿಲ್ಲವಂತೆ.