ಡಾರ್ಕ್‌ರೂಮ್ ಬಾಗಿಲು ಮುಚ್ಚಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ನನಗೆ 26 ವರ್ಷ. ಮದುವೆ ಫೋಟೊ ತೆಗೆಯುವವರ ಹತ್ತಿರ ಅಸಿಸ್ಟೆಂಟ್ ಆಗಿದ್ದೇನೆ. ಮೂರು ವರ್ಷದಿಂದ ಮನೆಯ ಬಚ್ಚಲನ್ನೇ ಡಾರ್ಕ್‌ರೂಮ್, ಅಂದರೆ ಕತ್ತಲೆಕೋಣೆ, ಮಾಡಿಕೊಂಡು ಫಿಲಂ ತೊಳೆದು ಪ್ರಿಂಟ್ ಹಾಕುತ್ತಿದ್ದೇನೆ. 'ಈ ಕಾಲದಲ್ಲಿ ರೀಲು ಹಿಡ್ಕೊಂಡು ಹೊಟ್ಟೆ ತುಂಬುತ್ತಾ?' ಅಂತಾರೆ ಅಪ್ಪ. ಇದನ್ನೇ ನಂಬಿ ಬದುಕಬಹುದಾ ಸಾರ್? ಯಾವುದಾದರೂ ಒಂದೇ ದಾರಿ ಹಿಡಿಯಬೇಕಾ? ನಾನು ಹಾಕಿದ ಪ್ರಿಂಟ್ ಒಂದನ್ನು ಜೊತೆಗೆ ಕಳಿಸಿದ್ದೇನೆ."

ಸಂಪಾದಕರ ಉತ್ತರ:

ನಿಮ್ಮ ಪ್ರಿಂಟ್ ನನ್ನ ಮೇಜಿನ ಮೇಲೆ ನಾಲ್ಕು ದಿನದಿಂದ ಇದೆ. ಅಡಿಕೆ ಬೇಯಿಸುವ ಹಂಡೆ, ಅದರಿಂದ ಏಳುವ ಹಬೆ, ಹಬೆಯ ಹಿಂದೆ ಅಜ್ಜಿ. ಆಫೀಸಿಗೆ ಬಂದವರೆಲ್ಲ ಎತ್ತಿಕೊಂಡು ನೋಡಿದರು. ನಿಮ್ಮ ಕಣ್ಣಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಅದಕ್ಕೇ ಉಳಿದದ್ದನ್ನು ಬಿಚ್ಚಿ ಹೇಳುತ್ತೇನೆ.

ಅಪ್ಪನ ಪ್ರಶ್ನೆ ನ್ಯಾಯವಾದದ್ದು. ಫಿಲಂ ಈಗ ದುಬಾರಿ. ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆ ನಡೆಯುತ್ತಿದ್ದಾಗ 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲಂ, ಪೇಪರ್ ಎರಡೂ ಪಕ್ಕದಲ್ಲೇ ತಯಾರಾಗುತ್ತಿದ್ದವು. ಆ ಕಾರ್ಖಾನೆ ಮುಚ್ಚಿತು. ಈಗ ನೀವು ಕೊಳ್ಳುವ ಇಲ್‌ಫೋರ್ಡ್, ಕೊಡಾಕ್ ರೋಲುಗಳು ಹೊರದೇಶದಿಂದಲೇ ಬರಬೇಕು. ಹಾಗಾಗಿ ಬರೀ ಫಿಲಂನಲ್ಲಿ ಫೋಟೊ ತೆಗೆದು ಮಾರುತ್ತೇನೆ ಎಂದರೆ ಸಂಸಾರ ನಡೆಯುವುದು ಕಷ್ಟ.

ಆದರೆ ನಿಮ್ಮ ಕೈಯಲ್ಲಿರುವುದು ಬರೀ ಫಿಲಂ ಅಲ್ಲ. ನೆಗೆಟಿವ್ ಓದಲು ಬರುತ್ತದೆ, ತೊಳೆಯಲು ಬರುತ್ತದೆ, ಪ್ರಿಂಟ್ ಹಾಕಲು ಬರುತ್ತದೆ. ಇವು ಬಲ್ಲವರು ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿದ್ದಾರೆ. ನೆಗೆಟಿವ್‌ಗಳು ಮಾತ್ರ ಮನೆಮನೆಯಲ್ಲೂ ಉಳಿದಿವೆ.

ನಮ್ಮ ಮನೆಯ ಕತೆಯನ್ನೇ ಹೇಳುತ್ತೇನೆ. ಅಪ್ಪ ತೆಗೆದಿದ್ದ ನೆಗೆಟಿವ್‌ಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಅಟ್ಟದ ಮೇಲಿದ್ದವು. ಯಾರೂ ಮುಟ್ಟಲಿಲ್ಲ. ಎಷ್ಟೋ ಮಳೆಗಾಲ ಕಳೆದ ಮೇಲೆ ತೆರೆದರೆ ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದಿದ್ದವು. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬಂತು. ಅಮ್ಮ ಮದುಮಗಳಾಗಿದ್ದ ಒಂದೇ ಒಂದು ಚಿತ್ರ ಅದರಲ್ಲಿತ್ತು. ಆಗ ನಮ್ಮೂರಲ್ಲಿ ನಿಮ್ಮಂಥವರೊಬ್ಬರು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ನಿಮ್ಮ ಮಲೆನಾಡಿನ ಮಳೆಯಲ್ಲಿ ಇಂಥ ಡಬ್ಬಿಗಳು ಎಷ್ಟಿರಬಹುದು, ಯೋಚಿಸಿ. ಬಾಗಿಲು ಹಾಕಿದ ಹಳೇ ಸ್ಟುಡಿಯೋಗಳಿವೆ, ಮಠಗಳಿವೆ, ಶಾಲೆಗಳಿವೆ, ದೊಡ್ಡ ಮನೆಗಳಿವೆ. ನೆಗೆಟಿವ್ ಒರೆಸಿ, ವಿಂಗಡಿಸಿ, ಡಿಜಿಟಲ್ ಮಾಡಿ, ಬೇಕಾದ್ದಕ್ಕೆ ಪ್ರಿಂಟ್ ಹಾಕಿಕೊಡಿ. ಶುರು ಮಾಡಲು ಒಂದು ಲೈಟ್ ಬಾಕ್ಸ್, ತೀರಾ ಹತ್ತಿರದಿಂದ ಚಿತ್ರ ತೆಗೆಯುವ ಒಂದು ಮ್ಯಾಕ್ರೋ ಲೆನ್ಸ್, ಹತ್ತಿಯ ಕೈಗವಸು ಸಾಕು. ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲಂನ ಅಸಿಟೇಟ್ ಹಾಳೆಯೇ ಕೆಡುತ್ತಿದೆ ಎಂದರ್ಥ. ಅಂಥವನ್ನು ತಕ್ಷಣ ಬೇರೆಯಾಗಿಟ್ಟು, ಮೊದಲು ಅವನ್ನೇ ಡಿಜಿಟಲ್ ಮಾಡಿಕೊಳ್ಳಿ. ಕಲರ್ ನೆಗೆಟಿವ್‌ಗಳ ಬಣ್ಣ ಮಾಸುತ್ತಾ ಹೋಗುತ್ತದೆ, ಅವಕ್ಕೂ ಅವಸರವಿದೆ. ಚೆನ್ನಾಗಿ ತೊಳೆದಿಟ್ಟ ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರವಾಗಿ ನಿಂತಿರುವ ಬೆಳ್ಳಿ ಅದಕ್ಕಿಂತ ಗಟ್ಟಿ.

ಇದು ಒಂದು ಕೆಲಸವಾಯಿತು. ಮದುವೆ ಕೆಲಸ ಬಿಡಬೇಡಿ. ಡಿಜಿಟಲ್ ಆಲ್ಬಂ ಜೊತೆಗೆ ಒಂದೇ ಒಂದು ರೋಲು ಫಿಲಂ, ಅದರಿಂದ ಕೈಯಲ್ಲಿ ಹಾಕಿದ ಹತ್ತು ಪ್ರಿಂಟ್ ಅಂತ ಬೇರೆ ದರ ಹೇಳಿ ನೋಡಿ. ಬೇರೆಯವರ ರೋಲು ತೊಳೆದುಕೊಡಿ. ರಜೆಯಲ್ಲಿ ಶಾಲೆ ಮಕ್ಕಳಿಗೆ ಸಯನೋಟೈಪ್ ಕಲಿಸಿ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಕಂಡುಹಿಡಿದ ವಿಧಾನ ಅದು. ಡಾರ್ಕ್‌ರೂಮೂ ಬೇಡ, ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಎನ್ಲಾರ್ಜರೂ ಬೇಡ. ಕಾಗದಕ್ಕೆ ಮದ್ದು ಹಚ್ಚಿ ಒಣಗಿಸಿ, ಮೇಲೊಂದು ಎಲೆ ಇಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ ನೀಲಿ ಚಿತ್ರ ಬರುತ್ತದೆ. ಎಲ್ಲದಕ್ಕೂ ಲೆಕ್ಕ ಬರೆಯಿರಿ. ಪೇಪರ್, ಕೆಮಿಕಲ್ ಮಾತ್ರವಲ್ಲ, ಕೆಟ್ಟುಹೋದ ಹಾಳೆ ಮತ್ತು ನಿಮ್ಮ ಗಂಟೆಗಳನ್ನೂ ಸೇರಿಸಿ. ಕೈಕೆಲಸದವರು ಸೋಲುವುದು ಜಾಸ್ತಿ ಇಲ್ಲೇ.

ಒಂದೇ ದಾರಿ ಹಿಡಿಯಬೇಕಾ ಎಂದು ಕೇಳಿದ್ದೀರಿ. ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಅವರನ್ನು ನೆನೆಯಿರಿ. ಪತ್ರಿಕೆಯ ಕೆಲಸ ಮಾಡಿದರು, ಆಮೇಲೆ ಸ್ವತಂತ್ರವಾಗಿ ದೇಶ-ವಿದೇಶದ ನಿಯತಕಾಲಿಕಗಳಿಗೆ ಚಿತ್ರ ಕೊಟ್ಟರು, ಯುನಿಸೆಫ್‌ಗಾಗಿ ಊರೂರು ತಿರುಗಿದರು, ಬರೆದರು ಕೂಡ. 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ಕೆಲಸ ಕೊಟ್ಟವರು ಬದಲಾಗುತ್ತಿದ್ದರು. ಬಡವರ ಮನೆಯ ಮಗುವನ್ನೂ ಅಕ್ಕರೆಯಿಂದ ನೋಡುವ ಆ ಕಣ್ಣು ಮಾತ್ರ ಎಲ್ಲ ಕಡೆ ಒಂದೇ ಆಗಿತ್ತು. ನೀವೂ ನಾಲ್ಕು ಕಡೆ ದುಡಿಯಿರಿ, ಆದರೆ ನಾಲ್ಕೂ ನಿಮ್ಮ ಡಾರ್ಕ್‌ರೂಮಿನಿಂದಲೇ ಹೊರಡಲಿ.

ಈಗ ಪ್ರಿಂಟಿನ ವಿಷಯ. ಬಲಗಡೆ ಅಂಚಿನಲ್ಲಿ ಹಳದಿ ಕಲೆ ಏಳುತ್ತಿದೆ, ಗಮನಿಸಿದಿರಾ? ಚಿತ್ರ ನಿಲ್ಲಿಸುವ ದ್ರಾವಣ ಹೈಪೋ ಸವೆದಿರಬೇಕು, ಇಲ್ಲವೇ ತೊಳೆದದ್ದು ಸಾಲದು. ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರಿಗೆ ಕೆಲವೇ ನಿಮಿಷ ಹರಿಯುವ ನೀರು ಸಾಕು. ನಿಮ್ಮದು ಫೈಬರ್ ಪೇಪರ್, ಸುಮಾರು ಒಂದು ಗಂಟೆ ಬೇಕು. ದುಡ್ಡು ತೆಗೆದುಕೊಂಡು ಕೊಡುವ ಪ್ರಿಂಟಿನಲ್ಲಿ ಈ ಕಲೆ ಬರಬಾರದು. ಬೇಸಿಗೆಯಲ್ಲಿ ಚಿತ್ರ ಮೂಡಿಸುವ ದ್ರಾವಣ ಡೆವಲಪರ್ ಬಿಸಿಯಾದರೆ ಪ್ಲಾಸ್ಟಿಕ್ ಕವರಿನಲ್ಲಿ ಐಸ್ ಕಟ್ಟಿ ಟ್ರೇಯಲ್ಲಿಡಿ, 20 ಡಿಗ್ರಿಗೆ ಇಳಿಸಿಕೊಳ್ಳಿ. ಬರಿಗೈ ಅದ್ದಬೇಡಿ, ಡೆವಲಪರಿನಲ್ಲಿರುವ ಮೆಟೋಲ್ ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ತೋಟಕ್ಕೋ ಹಳ್ಳಕ್ಕೋ ಚೆಲ್ಲದೆ ಕ್ಯಾನಿನಲ್ಲಿ ಕೂಡಿಡಿ.

ಇನ್ನು ಆ ಹಬೆ. ಈಗ ಅದು ಬರೀ ಬಿಳಿ ಕಾಗದ. ನೆಗೆಟಿವ್‌ನಲ್ಲಿ ವಿವರ ಇರಬಹುದು, ಬೆಳಕಿಗೆ ಹಿಡಿದು ನೋಡಿ. ಪೇಪರಿನ ತುಂಡೊಂದರ ಮೇಲೆ ಐದೈದು ಸೆಕೆಂಡು ಬೆಳಕು ಹೆಚ್ಚಿಸುತ್ತಾ ಹೋಗಿ ಟೆಸ್ಟ್ ಸ್ಟ್ರಿಪ್ ಮಾಡಿ. ಬೆಳಕು ಬಿದ್ದಷ್ಟೂ ಪೇಪರ್ ಕಪ್ಪಾಗುತ್ತದೆ. ಆಮೇಲೆ ರಟ್ಟಿನಲ್ಲಿ ರೂಪಾಯಿ ಅಗಲದ ತೂತು ಕೊರೆದು, ಹಬೆಗೆ ಮಾತ್ರ ಇನ್ನಷ್ಟು ಬೆಳಕು ಕೊಡಿ. ಕೈ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ, ಇಲ್ಲದಿದ್ದರೆ ಗೆರೆ ಬೀಳುತ್ತದೆ. ಅಜ್ಜಿಯ ಮುಖಕ್ಕೆ ಮೂರು ಸೆಕೆಂಡು ಮರೆ ಹಿಡಿಯಿರಿ. ಅವರ ಮೂಗುತಿ ಕತ್ತಲಲ್ಲಿ ಮುಳುಗಿದೆ, ಅದು ಮೇಲೆ ಬರಬೇಕು.

ಅದನ್ನು 8x10 ಇಂಚಿನಲ್ಲಿ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ. ಪ್ರಕಟಿಸುತ್ತೇವೆ, ಸಂಭಾವನೆಯನ್ನೂ ಕೊಡುತ್ತೇವೆ. ಇನ್ನೊಂದು ಪ್ರಿಂಟ್ ಹಾಕಿ ಅಪ್ಪನ ಕೈಗೆ ಕೊಡಿ.